ಎಲುಬಿನ ಬಲವನ್ನು ಅಳೆಯುವ ವಿಧಾನವು

ನಮ್ಮ ಶರೀರದ ಎಲುಬುಗಳು ಕಲ್ಲಿನ ಕಂಬಗಳಂತೆ ನಿರ್ಜೀವವಾದವುಗಳಲ್ಲ. ಹೊರುವ ಭಾರಕ್ಕೆ ತಕ್ಕಂತೆ ಅವು ತಮ್ಮ ರಚನೆಯನ್ನು ತಾವೇ ತಿದ್ದಿಕೊಳ್ಳುವವೆಂದು ಬರ್ಲಿನ್ ನಗರದ ಜೂಲಿಯಸ್ ವುಲ್ಫ್ ಎಂಬ ವೈದ್ಯನು 1892ರಲ್ಲಿ ಬರೆದನು. ವಿಜಯಪುರದ ಗೋಲ ಗುಮ್ಮಟದ ಒಳಹೊಕ್ಕು ತಲೆಯೆತ್ತಿ ನೋಡಿದವರು, ಒಂದನ್ನೊಂದು ಹಾದುಹೋಗುವ ಕಮಾನುಗಳು ಮೇಲಿನ ಭಾರವನ್ನು ಗೋಡೆಗಳಿಗೆ ಇಳಿಸುವದನ್ನು ಬಲ್ಲರು. ತೊಡೆಯೆಲುಬಿನ ತಲೆಯೊಳಗೂ ಅಂಥವೇ ಸೂಕ್ಷ್ಮವಾದ ಕಮಾನುಗಳುಂಟು. ಆದರೆ ಅವುಗಳ ಹೆಣಿಗೆಯು ಒಬ್ಬರದಿದ್ದಂತೆ ಇನ್ನೊಬ್ಬರದು ಇರುವದಿಲ್ಲ. ಆದಕಾರಣ ಒಬ್ಬಳಿಗೆ ಹೊಂದಿದ ಚಿಕಿತ್ಸೆಯು ಮತ್ತೊಬ್ಬಳಿಗೂ ಹೊಂದೀತೆಂದು ಹೇಳಲಾಗದು.

ಈ ತೊಡಕಿನಲ್ಲಿ ಗಣಕಯಂತ್ರವು ವೈದ್ಯನಿಗೆ ನೆರವಾಗುವದು. ಹೇಗಂದರೆ, ಮೊದಲು ರೋಗಿಯನ್ನು ಸಿ.ಟಿ. ಯಂತ್ರದಲ್ಲಿ ಮಲಗಿಸಿ, ಕ್ಷ-ಕಿರಣಗಳಿಂದ ಎಲುಬಿನ ಅಡ್ಡಹೋಳುಗಳ ಚಿತ್ರಗಳನ್ನು ತೆಗೆಯುವರು. ಈ ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಉಪಯೋಗಿಸಲ್ಪಟ್ಟಿತು. ಅದನ್ನು ನಿರ್ಮಿಸಿದ ಹೌನ್ಸ್‌ಫೀಲ್ಡ್ ಎಂಬವನ ಹೆಸರಿನ ಮಾಪಕದಲ್ಲಿ ನೀರಿಗೆ ಸೊನ್ನೆ; ಗಾಳಿಗೆ ಸೊನ್ನೆಗಿಂತ 1000 ಕಡಿಮೆ; ಗಟ್ಟಿ ಎಲುಬಿಗೆ ನೂರಾರು ಅಂಕಗಳು ಹೆಚ್ಚು. ಗಣಕಯಂತ್ರವು ಚಿತ್ರಗಳನ್ನು ಜೋಡಿಸಿ ಆ ರೋಗಿಯ ಎಲುಬಿನ ಪ್ರತಿರೂಪವನ್ನು ಕಟ್ಟುವದು. ಅದನ್ನು ಸಾವಿರಾರು ತುಣುಕುಗಳಾಗಿ ವಿಭಾಗಿಸಿ, ಅಂಕದ ಪ್ರಕಾರ ಒಂದೊಂದಕ್ಕೂ ಗಟ್ಟಿತನವನ್ನು ಗೊತ್ತುಮಾಡುವದು. ಬಳಿಕ ಭಾರವನ್ನು ಹೇರಿ, ಯಾವ ತುಣುಕು ತಾಳುವದು, ಯಾವದು ಸೋಲುವದು ಎಂದು ಲೆಕ್ಕಹಾಕುವದು.

ನಡೆಯುವಾಗ ಸ್ನಾಯುಗಳ ಎಳೆತವೂ ಕೂಡುವದರಿಂದ, ತೊಡೆಯ ಕೀಲಿನ ಮೇಲೆ ಶರೀರದ ತೂಕದ ಸುಮಾರು ಎರಡೂವರೆ ಪಟ್ಟು ಭಾರವು ಬೀಳುವದು. 50 ಕಿಲೋ ತೂಕದವಳ ಕೀಲು 125 ಕಿಲೋದಷ್ಟನ್ನು ಹೊರಬೇಕು. ಕೃತಕ ಕೀಲಿನ ಅಳತೆ ಯಾವದಿರಬೇಕು, ತಿರುಪುಗಳನ್ನು ಎಲ್ಲಿ ಕೂಡಿಸಬೇಕು ಎಂಬುದನ್ನು ಶಸ್ತ್ರವೈದ್ಯನು ಶಸ್ತ್ರವನ್ನು ಹಿಡಿಯುವ ಮೊದಲೇ ಈ ಪ್ರತಿರೂಪದ ಮೇಲೆ ಪರೀಕ್ಷಿಸಬಹುದು.

ಇಷ್ಟಾದರೂ ನಮ್ಮ ಜಿಲ್ಲೆಯವರು ಒಂದು ಸಂಗತಿಯನ್ನು ಮರೆಯಬಾರದು. ಇಲ್ಲಿಯ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಬಹು ವರ್ಷ ಅದನ್ನು ಕುಡಿದವರ ಎಲುಬು ಚಿತ್ರದಲ್ಲಿ ದಟ್ಟವಾಗಿ ತೋರಿದರೂ ಒಳಗೆ ಪೆಡಸಾಗಿರಬಹುದು. ಅಮೇರಿಕದಲ್ಲಿ ಎಲುಬು ಸವೆದ 202 ಮಂದಿ ಸ್ತ್ರೀಯರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಫ್ಲೋರೈಡನ್ನು ಔಷಧವಾಗಿ ಸೇವಿಸಿದವರ ಬೆನ್ನೆಲುಬಿನ ಸಾಂದ್ರತೆಯು ನೂರಕ್ಕೆ 35ರಷ್ಟು ಹೆಚ್ಚಿತು; ಆದರೂ ಬೆನ್ನೆಲುಬು ಮುರಿಯುವದು ಗಣನೀಯವಾಗಿ ತಗ್ಗಲಿಲ್ಲ, ಬೇರೆ ಎಲುಬುಗಳು ಮುರಿಯುವದು ಹೆಚ್ಚಾಯಿತು. ಸಾಂದ್ರತೆಯೊಂದನ್ನೇ ನಂಬಿ ಲೆಕ್ಕಹಾಕುವ ಯಂತ್ರವು ಇಂಥಲ್ಲಿ ಇಲ್ಲದ ಬಲವನ್ನು ಇದೆಯೆಂದು ತೋರಿಸೀತು.

ಆದಕಾರಣ, ಪ್ರಿಯ ಸಹೋದರಿಯರೇ, ಪಾಲಕರೇ, ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ಮನೆಯ ಹಿರಿಯಳನ್ನು ನಗರದ ವೈದ್ಯರ ಬಳಿಗೆ ಕರೆತರುವಾಗ, ಆಕೆ ಯಾವ ಬಾವಿಯ ನೀರನ್ನು ಎಷ್ಟು ವರ್ಷ ಕುಡಿದಳೆಂಬುದನ್ನೂ ತಪ್ಪದೆ ತಿಳಿಸಿರಿ. ಕುಡಿಯುವ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಯಂತ್ರವು ಎಲುಬಿನ ಆಕಾರವನ್ನು ಕಾಣಬಲ್ಲದು. ಆಕೆಯ ಬಾಳಿನ ವೃತ್ತಾಂತವನ್ನು ಹೇಳತಕ್ಕವರು ಮನೆಯವರೇ.