ಕಿರುಗಾಯದ ಹೃದಯ ಶಸ್ತ್ರಚಿಕಿತ್ಸೆ: ಉಸಿರಾಟದ ಟ್ಯೂಬ್ ಆಯ್ಕೆಯ ಮುಖ್ಯಾಂಶಗಳು

• ಎದೆಮೂಳೆ ಸೀಳದೆ ಪಕ್ಕೆಲುಬುಗಳ ನಡುವಿನಿಂದ ಹೃದಯ ತಲುಪಬೇಕಾದರೆ ಆ ಬದಿಯ ಶ್ವಾಸಕೋಶ ಕುಗ್ಗಿ ಜಾಗ ಬಿಡಬೇಕು. ಮೈಟ್ರಲ್ ಕವಾಟಕ್ಕೆ ಸಾಮಾನ್ಯವಾಗಿ ಬಲ ಶ್ವಾಸಕೋಶ, ಮಿಡ್‌ಕ್ಯಾಬ್‌ಗೆ (ಕಿರುಗಾಯದಿಂದ ಮಾಡುವ ಕರೋನರಿ ರಕ್ತನಾಳ ಜೋಡಣೆ) ಎಡ. ಬೈಪಾಸ್ ಯಂತ್ರ ಪೂರ್ತಿ ನಡೆಯುವಾಗ ಉಸಿರಾಟವನ್ನೇ ನಿಲ್ಲಿಸಬಹುದು. ಯಂತ್ರ ಬಳಸುವ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಮುಂಚಿನ ಬಿಡಿಸುವಿಕೆ, ಆಮೇಲಿನ ರಕ್ತಸ್ರಾವ ತಡೆ, ಈ ಎರಡು ಹೊತ್ತಿನಲ್ಲೇ ಒಂದು ಶ್ವಾಸಕೋಶದ ಉಸಿರಾಟ ಬೇಕಾಗುವುದು.

• ಡಬಲ್ ಲ್ಯೂಮೆನ್ ಟ್ಯೂಬ್ (ಡಿಎಲ್‌ಟಿ): ಎರಡು ಶ್ವಾಸಕೋಶಗಳಿಗೂ ಬೇರೆ ಬೇರೆ ದಾರಿಯಿರುವ ಟ್ಯೂಬ್. 1949ರ ಕಾರ್ಲೆನ್ಸ್ ಟ್ಯೂಬಿಗೆ ಕರೀನಾದ (ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ) ಮೇಲೆ ಕೂರುವ ಕೊಕ್ಕೆಯಿತ್ತು, 1962ರ ರಾಬರ್ಟ್‌ಶಾ ಟ್ಯೂಬಿನಲ್ಲಿ ಇಲ್ಲ. ಕುಗ್ಗಿಸುವುದು ಯಾವ ಬದಿಯಾದರೂ ಎಡ ಡಿಎಲ್‌ಟಿಗೇ ಮೊದಲ ಆದ್ಯತೆ. ಕಾರಣ: ಎಡ ಮುಖ್ಯ ಬ್ರಾಂಕಸ್ ಸುಮಾರು 5 ಸೆಂ.ಮೀ. ಉದ್ದ, ಬಲಗಡೆ 1.5–2.5 ಸೆಂ.ಮೀ.ಯಲ್ಲೇ ಮೇಲಿನ ಹಾಲೆಯ ಕವಲು ಒಡೆಯುವುದರಿಂದ ಕಫ್ ಅದನ್ನು ಮುಚ್ಚಿಬಿಡಬಹುದು.

• ಡಿಎಲ್‌ಟಿ ಅಳತೆ: ಮಹಿಳೆಯರಿಗೆ 35–37, ಪುರುಷರಿಗೆ 39–41 ಫ್ರೆಂಚ್. ಎತ್ತರ 170 ಸೆಂ.ಮೀ. ಇದ್ದರೆ ಹಲ್ಲಿನ ಬಳಿ ಆಳ ಸುಮಾರು 29 ಸೆಂ.ಮೀ.; ಎತ್ತರ 10 ಸೆಂ.ಮೀ. ಹೆಚ್ಚು-ಕಡಿಮೆಯಾದರೆ ಆಳ 1 ಸೆಂ.ಮೀ. ಹೆಚ್ಚು-ಕಡಿಮೆ.

• ಬ್ರಾಂಕಿಯಲ್ ಬ್ಲಾಕರ್ (ಆರ್ಂಟ್, ಕೋಹೆನ್, ಈಝಡ್): ಸಾಮಾನ್ಯ ಟ್ಯೂಬಿನೊಳಗಿಂದಲೇ ಇಳಿಸುವ ಬಲೂನು. ಟ್ಯೂಬ್ ಹಾಕುವುದೇ ಕಷ್ಟವಿರುವವರಿಗೆ ಇದು ವರ. ಆದರೆ ಶ್ವಾಸಕೋಶ ನಿಧಾನ ಕುಗ್ಗುತ್ತದೆ, ಕಫ ಎಳೆಯುವ ದಾರಿ ಕಿರಿದು, ಬಲೂನು ಜಾರುವುದೂ ಹೆಚ್ಚು. ಬಲಗಡೆಯ ಆ ಗಿಡ್ಡ ಬ್ರಾಂಕಸ್‌ನಲ್ಲಂತೂ ಸ್ಥಿರವಾಗಿ ನಿಲ್ಲಿಸುವುದು ಪ್ರಯಾಸ; ಮೈಟ್ರಲ್ ಶಸ್ತ್ರಚಿಕಿತ್ಸೆಗೆ ಬೇಕಾದದ್ದೂ ಅದೇ ಬದಿ!

• ಯಾವುದನ್ನೇ ಹಾಕಿರಲಿ, ಬ್ರಾಂಕೋಸ್ಕೋಪಿನಿಂದ ಎರಡು ಸಲ ನೋಡಬೇಕು: ಹಾಕಿದ ಕೂಡಲೇ ಮತ್ತು ರೋಗಿಯನ್ನು ಮಲಗಿಸಿದ ಭಂಗಿ ಬದಲಾದ ಮೇಲೆ. ಎಡ ಡಿಎಲ್‌ಟಿಯ ನೀಲಿ ಕಫ್ ಕರೀನಾದ ಸ್ವಲ್ಪ ಕೆಳಗೆ ಕಾಣಬೇಕು.

• ಹೆಚ್ಚಿನವರು ಮರೆಯುವ ಅಂಶ, ಶಸ್ತ್ರಚಿಕಿತ್ಸೆಯ ಕೊನೆ. ಐಸಿಯುನಲ್ಲಿ ವೆಂಟಿಲೇಟರ್ ಮುಂದುವರಿಯುವುದಾದರೆ ಬ್ಲಾಕರ್ ಅನ್ನು ಎಳೆದು ತೆಗೆದರೆ ಸಾಕು. ಡಿಎಲ್‌ಟಿಯನ್ನಾದರೆ ಹೆಚ್ಚಾಗಿ ಸಾಮಾನ್ಯ ಟ್ಯೂಬಿಗೆ ಬದಲಿಸಬೇಕು. ಆದರೆ ದೀರ್ಘ ಬೈಪಾಸ್ ನಂತರ ಗಂಟಲು ಊದಿರಬಹುದು, ಹೆಪಾರಿನ್ ಪಡೆದ ದೇಹದಲ್ಲಿ ಸಣ್ಣ ಗಾಯವೂ ರಕ್ತ ಸುರಿಸುತ್ತದೆ. ಬೆಳಿಗ್ಗೆ ಸಲೀಸಾಗಿ ಕಂಡ ಸ್ವರತಂತು ಸಂಜೆ ಕಾಣದಿರಬಹುದು. ಹಾಗಾಗಿ ಕಷ್ಟದ ಗಂಟಲಿಗೆ ಬ್ಲಾಕರ್, ಉಳಿದವರ ಬಲ ಕಿರುಗಾಯಕ್ಕೆ ಎಡ ಡಿಎಲ್‌ಟಿ ಎಂದೇ ನನ್ನ ನಿಲುವು. ಬೈಪಾಸ್ ನಂತರ ಕುಗ್ಗಿದ್ದ ಶ್ವಾಸಕೋಶದಲ್ಲಿ ಮಾತ್ರ ನೀರು ತುಂಬುವ ಅಪರೂಪದ ತೊಡಕಿನಲ್ಲಿ ಎರಡು ಶ್ವಾಸಕೋಶಗಳಿಗೂ ಬೇರೆ ಬೇರೆಯಾಗಿ ಉಸಿರು ಕೊಡಲು ಡಿಎಲ್‌ಟಿ ಒದಗುತ್ತದೆ.

• ಬದಲಿಸಲೇಬೇಕಾದರೆ ಎಕ್ಸ್‌ಚೇಂಜ್ ಕ್ಯಾಥೆಟರ್ ಮತ್ತು ವಿಡಿಯೊ ಲ್ಯಾರಿಂಗೋಸ್ಕೋಪ್ ಎರಡನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡೇ ಹಳೆಯ ಟ್ಯೂಬ್ ಮುಟ್ಟಿ.