ಹಾಲುಹಲ್ಲು ಕಾಯ್ದ ಜಾಗ

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಪ್ರತಿವರ್ಷವೂ ನನ್ನ ವಿದ್ಯಾರ್ಥಿಗಳಿಗೆ ತೋರಿಸಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನು 1915ರಲ್ಲಿ ಅದನ್ನು ಕಂಡುದರಿಂದಲೇ ‘ದೇವಾನಾಂಪ್ರಿಯ’ನು ಅಶೋಕನೆಂಬುದು ಸ್ಥಿರಪಟ್ಟಿತೆಂದು ಸಾಭಿಮಾನವಾಗಿ ವಿವರಿಸುತ್ತಿದ್ದ ನಾನು, ಸವೆದ ಅಕ್ಷರಪಂಕ್ತಿಯನ್ನು ಅಷ್ಟೊಂದು ಶ್ರದ್ಧೆಯಿಂದ ನೋಡಿದವನು, ಸ್ವಂತ ಮಗನ ದಂತಪಂಕ್ತಿಯನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲವೆಂಬುದನ್ನು ಲಜ್ಜೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಹುಡುಗನಿಗೆ ಆರು ವರ್ಷವಾಗಿದ್ದಾಗ ಕೆಳದವಡೆಯ ಹಾಲುಹಲ್ಲೊಂದು ಹುಳುಕಾಗಿ, ಕೆನ್ನೆ ಬಾತು, ಅವನು ಇರುಳೆಲ್ಲ ನರಳಿದುದರಿಂದ ಮರುದಿನವೇ ಸಿಂಧನೂರಿಗೆ ಕರೆದೊಯ್ದು ಅದನ್ನು ಕೀಳಿಸಿದೆನು. “ಹಾಲಹಲ್ಲು ಬೀಳೂವೇ ಅಲ್ಲೇನೋ ತಮ್ಮಾ, ಅದಕ್ಯಾಕ ಇಷ್ಟು ಚಿಂತಿ ಮಾಡ್ತಿ?” ಎಂದು ಅವ್ವ ಸಮಾಧಾನ ಹೇಳಿದಳು, ಆ ಸಮಾಧಾನ ಐದು ವರ್ಷ ಬಾಳಿತು. ಹನ್ನೊಂದನೆಯ ವಯಸ್ಸಿನಲ್ಲಿ ಆ ಸ್ಥಳದ ಹೊಸ ಹಲ್ಲು ನಾಲಗೆಯ ಕಡೆಗೆ ವಾಲಿಕೊಂಡು ಮೂಡಿದಾಗ, ರಾಯಚೂರಿನ ವಕ್ರದಂತ ತಜ್ಞರೊಬ್ಬರು ನನ್ನ ಅಜ್ಞಾನವನ್ನು ಸಾವಧಾನವಾಗಿ ಬಿಡಿಸಿ ಹೇಳಿದರು.

ಇಪ್ಪತ್ತು ಹಾಲುಹಲ್ಲುಗಳೆಲ್ಲ ಒಮ್ಮೆಗೇ ಬೀಳುವುದಿಲ್ಲ. ಹಿಂಬದಿಯವು ಹತ್ತು ಹನ್ನೆರಡು ವರ್ಷದವರೆಗೂ ನಿಲ್ಲಬೇಕಾದವು. ಆರನೆಯ ವರ್ಷದ ಸುಮಾರಿಗೆ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆಯಾದ ಕಾರಣ, ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಉಪೇಕ್ಷಿಸುವ ತಾಯಿತಂದೆಗಳುಂಟು. ಅದರ ಮುಂದಿನ ಹಾಲುಹಲ್ಲು ಅಕಾಲದಲ್ಲಿ ಹೋದರೆ ಈ ದವಡೆಹಲ್ಲು ಮುಂದಕ್ಕೆ ಜರುಗಿ, ಬರಬೇಕಾದ ಹಲ್ಲಿನ ಜಾಗವನ್ನು ಕಬಳಿಸುತ್ತದೆ. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುವುದು: ಹಾಲುಹಲ್ಲು ಬರುವವನಿಗಾಗಿ ಹಾಸಿದ ಟವೆಲ್, ಅದನ್ನು ನಾನೇ ಎತ್ತಿ ಹೊರಗೆಸೆದಿದ್ದೆನು. ಕಿತ್ತೊಡನೆ ಜಾಗ ಕಾಯುವ ಸಣ್ಣ ತಂತಿಯೊಂದನ್ನು ಕೂರಿಸಿದ್ದರೆ, ಮುಂದೆ ಎರಡು ವರ್ಷ ಕ್ಲಿಪ್ ಹಾಕಿಸಿ ತಿಂಗಳಿಗೊಮ್ಮೆ ಅಲೆಯುವ ಪ್ರಸಂಗ ಬಹುಶಃ ಬರುತ್ತಿರಲಿಲ್ಲ.

ಆದುದರಿಂದ ಮಗಳಿಗೆ ಏಳು ತುಂಬುವ ಮೊದಲೇ ಅವಳನ್ನು ಅದೇ ತಜ್ಞರ ಮುಂದೆ ಕೂರಿಸಿದೆನು. ಅಮೆರಿಕದ ವಕ್ರದಂತ ತಜ್ಞರ ಸಂಘವೂ ಮೊದಲ ಪರೀಕ್ಷೆ ಏಳರೊಳಗಾಗಲೆಂದೇ ಹೇಳುತ್ತದೆಯಂತೆ. ಮೇಲಿನ ಹಲ್ಲು ಕೆಳಗಿನದರ ಒಳಗೆ ಕಚ್ಚುವುದು, ಬೆರಳು ಚೀಪುವ ಅಭ್ಯಾಸ ಬಿಡದಿರುವುದು, ಸದಾ ಬಾಯಿಯಿಂದ ಉಸಿರಾಡುವುದು, ಇವುಗಳನ್ನು ದವಡೆ ಬೆಳೆಯುತ್ತಿರುವಾಗಲೇ ಗುರುತಿಸಿದರೆ ಪರಿಹಾರ ಸುಲಭ. ಆದರೆ ಬಹುಪಾಲು ಮಕ್ಕಳಿಗೆ ಆ ವಯಸ್ಸಿನಲ್ಲಿ ಚಿಕಿತ್ಸೆಯೇ ಬೇಕಾಗದು, ಕಾಲಕಾಲಕ್ಕೆ ನೋಡುತ್ತಿದ್ದರೆ ಸಾಕು. ಮಗಳ ವಿಷಯದಲ್ಲಿಯೂ ವೈದ್ಯರು ಅಷ್ಟೇ ಹೇಳಿ, ಆರು ತಿಂಗಳ ಮೇಲೆ ಕರೆತರಲು ತಿಳಿಸಿದರು.

ಮನೆಗೆ ಬಂದಾಗ ಅವ್ವ ಕೇಳಿದಳು: “ಏನೂ ಇಲ್ಲಂದ್ರ ಅಷ್ಟು ದೂರ ಯಾಕ ಹೋಗಿದ್ದಿ?”

“ಆ ಮಾತು ಕೇಳಾಕ ಹೋಗಿದ್ದೆ, ಯವ್ವಾ” ಎಂದೆನು.

ಅವಳು ಉತ್ತರ ಕೊಡಲಿಲ್ಲ. ಆದರೆ ಆರು ತಿಂಗಳು ತುಂಬಿದಾಗ, ಮೊಮ್ಮಗಳನ್ನು ರಾಯಚೂರಿಗೆ ಕರೆದೊಯ್ಯುವ ದಿನ ಬಂತೆಂದು ನನಗೆ ನೆನಪಿಸಿದವಳು ಅವಳೇ.