ಗುಮ್ಕಿಯ ಬೆಲೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಊರು, ಸಂಗೀತಗಾರರ ಊರು. ವಿದ್ವಾನ್ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಅಲ್ಲಿನ ಕಛೇರಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಹಾಡುವವರಿಗಿಂತ ಮೃದಂಗದ ಎಡಗೈ ಮೇಲೆಯೇ ಅವರ ಕಣ್ಣು. ಎಡಮುಖಕ್ಕೆ ರವೆ ಮೆತ್ತಿ, ಅಂಗೈ ಒತ್ತಿ ಎಳೆದಾಗ ಹೊರಡುವ ಆ ಗುಮ್ಕಿ ಬಂದರೆ ಸಾಕು, ಅಪ್ಪನ ಕೈ ತೊಡೆಯ ಮೇಲೆ ತಾನಾಗಿ ಬೀಳುತ್ತಿತ್ತು.

ಕೆಲಸಕ್ಕಾಗಿ ದಿನವೂ ಅರಕಲಗೂಡಿನಿಂದ ಗೊರೂರು ಮೇಲೆ ಹಾಸನಕ್ಕೆ ಸುಮಾರು 30 ಕಿಲೋಮೀಟರ್ ಓಡಾಡುತ್ತೇನೆ. ಹೊಸ ಕಾರು ಕೊಂಡಾಗ ಮೊದಲು ಹಾಕಿದ್ದು ಶ್ರೀಕಂಠನ್ ಅವರ ಧ್ವನಿಮುದ್ರಿಕೆ. ಹಾಡು ಕೇಳಿಸಿತು, ಪಿಟೀಲು ಕೇಳಿಸಿತು, ಗುಮ್ಕಿ ಮಾತ್ರ ಕೇಳಿಸಲಿಲ್ಲ. ಕಂಪನಿ ಹಾಕಿಕೊಟ್ಟ ಬಾಗಿಲಿನ ಸ್ಪೀಕರ್‌ಗಳು ಚಿಕ್ಕವು. ತಗ್ಗಿನ ನಾದಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳುವ ಶಕ್ತಿ ಅವಕ್ಕಿಲ್ಲ. ಕಾರು ವೇಗ ಹಿಡಿದರೆ ಟೈರಿನ ಸದ್ದು ಮೊದಲು ನುಂಗುವುದೂ ಆ ತಗ್ಗಿನ ನಾದವನ್ನೇ. ಆ ಕೊರತೆ ತುಂಬಲು ಇರುವುದು ಸಬ್‌ವೂಫರ್. ಅದನ್ನು ಕೊಳ್ಳಲು ಹೋಗಿ ಎರಡು ಸಲ ದುಡ್ಡು ಕೊಟ್ಟೆ. ನಿಮಗೆ ಒಂದೇ ಸಲ ಸಾಕಾಗಲಿ ಎಂದು ಈ ಲೆಕ್ಕ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಮೇಲಿನ 1,200

ಮೊದಲ ಅಂಗಡಿಯಲ್ಲಿ ತೋರಿಸಿದ್ದು 12 ಇಂಚಿನ ವೂಫರ್, ಜೊತೆಗೊಂದು ಆಂಪ್ಲಿಫೈಯರ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1,200 ವಾಟ್ ಎಂದಿತ್ತು. ಬೆಲೆ 13,500, ಕೂಲಿ 1,000, ವೈರು ಬಿಟ್ಟಿ. ಒಟ್ಟು 14,500 ಕೊಟ್ಟು ಸಂತೋಷದಿಂದ ಮನೆಗೆ ಬಂದೆ.

ಮೊದಲ ತೊಂದರೆ ಡಿಕ್ಕಿಯಲ್ಲಿ ಶುರುವಾಯಿತು. ಚನ್ನರಾಯಪಟ್ಟಣದ ಅತ್ತೆ ಮನೆಯಲ್ಲಿ ಪ್ರತಿ ಸಲ ಕೊಡುವ ತೆಂಗಿನಕಾಯಿ ಚೀಲಕ್ಕೆ ಅಲ್ಲಿ ಜಾಗವೇ ಉಳಿದಿರಲಿಲ್ಲ. ಎರಡನೆಯದು ಭಯ ಹುಟ್ಟಿಸಿತು. ಚನ್ನರಾಯಪಟ್ಟಣದಲ್ಲಿ ಒಂದು ಮದುವೆ ಮುಗಿಸಿ ರಾತ್ರಿ ಹೊಳೆನರಸೀಪುರದ ಮೇಲೆ ವಾಪಸ್ ಬರುತ್ತಿದ್ದಾಗ ಕಾರಿನೊಳಗೆ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ, ಬ್ಯಾಟರಿ ತಂತಿ ಕಳಚಿದೆ.

ಮರುದಿನ ಬೆಳಿಗ್ಗೆ ಹೊಳೆನರಸೀಪುರದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕಾರ್ಪೆಟ್ ಎತ್ತಿ, ಬ್ಲೇಡಿನಿಂದ ವೈರನ್ನು ಕೆರೆದು ತೋರಿಸಿದರು. “ನೋಡಿ ಸರ್, ಮೇಲೆ ಕೆಂಪು, ಒಳಗೆ ಬಿಳಿ. ತಾಮ್ರ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಯಾಟರಿ ಹತ್ರ ಫ್ಯೂಸೂ ಹಾಕಿಲ್ಲ.” ಸೀಟಿನ ಕಂಬಿ ಉಜ್ಜಿ ಉಜ್ಜಿ ವೈರಿನ ಹೊದಿಕೆ ಹರಿದು, ಕರೆಂಟು ಕಾರಿನ ಬಾಡಿಯ ಲೋಹಕ್ಕೆ ಇಳಿಯುತ್ತಿತ್ತು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ ಫ್ಯೂಸ್ ಇದ್ದಿದ್ದರೆ ಅದು ತಕ್ಷಣ ಉರಿದುಹೋಗಿ ಕರೆಂಟು ನಿಲ್ಲುತ್ತಿತ್ತು.

ಫ್ಯೂಸಿನ ಲೆಕ್ಕ

ಆ ಎಲೆಕ್ಟ್ರಿಷಿಯನ್ ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು. ಆಂಪ್ಲಿಫೈಯರಿನ ಬೆನ್ನಿನಲ್ಲಿದ್ದ ಫ್ಯೂಸ್ 30 ಆಂಪಿಯರ್‌ನದು. ಓಡುವ ಕಾರಿನ ವೋಲ್ಟೇಜ್ ಸುಮಾರು 14. ಗುಣಿಸಿದರೆ 420 ವಾಟ್. ಆಂಪ್ಲಿಫೈಯರಿಗೆ ಒಂದೇ ಸಮನೆ ಸಿಗಬಹುದಾದದ್ದು ಅಷ್ಟೇ. ಎಬಿ ಕ್ಲಾಸಿನ ಆಂಪ್ಲಿಫೈಯರ್ ಅದರಲ್ಲಿ ಅರ್ಧದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ವೂಫರಿಗೆ ಉಳಿಯುವುದು 210 ವಾಟ್ ಆಸುಪಾಸು. ಡಿ ಕ್ಲಾಸಿನದಾದರೆ ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚು ಸಿಗುತ್ತದೆ. ಏನೇ ಮಾಡಿದರೂ ಅದು 1,200 ಆಗುವುದಿಲ್ಲ. ಹಾಗಾಗಿ ಅಂಗಡಿಗೆ ಹೋದರೆ ಪೆಟ್ಟಿಗೆ ಓದಬೇಡಿ, ಫ್ಯೂಸ್ ಓದಿ. ಕ್ಷಣಮಾತ್ರದ “ಪೀಕ್” ಎಂಬ ಅಂಕಿ ಬಿಟ್ಟು, ಒಂದೇ ಸಮನೆ ಸಿಗುವ ಶಕ್ತಿಯಾದ “ಆರ್‌ಎಂಎಸ್” ಎಷ್ಟು ಎಂದು ಕೇಳಿ.

ವಾಟ್ ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತದೆ ಎಂಬ ನಂಬಿಕೆಯೂ ಜೇಬಿಗೆ ಭಾರ. ಶಕ್ತಿ ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 150 ವಾಟ್ ಬಿಟ್ಟು 300ಕ್ಕೆ ದುಪ್ಪಟ್ಟು ಹಣ ಸುರಿದರೆ ಕಿವಿಗೆ ಸಿಗುವುದು ಅತ್ಯಲ್ಪ.

ಎರಡನೆಯ ಸಲ

ಈ ಸಲ ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ 8 ಇಂಚಿನ ಸಬ್‌ವೂಫರ್ ತಂದೆ. ಅಸಲಿ 150 ವಾಟ್. ಕಂಪನಿಯ ಸ್ಟೀರಿಯೊ ಬದಲಿಸಲಿಲ್ಲ. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಸೌಲಭ್ಯ ಅದರಲ್ಲಿತ್ತು. ಕಾರಿನ ವೈರು ಕತ್ತರಿಸದೆ ನಡುವೆ ಕಪ್ಲರ್ ಸೇರಿಸಿ ಜೋಡಿಸಿದರು. ವೈರು ಕತ್ತರಿಸಿದ್ದರೆ ಮುಂದೆ ವಿದ್ಯುತ್ ದೋಷ ಬಂದಾಗ ವಾರಂಟಿ ಕೇಳುವುದು ಕಷ್ಟವಾಗುತ್ತಿತ್ತು. 80 ಹರ್ಟ್ಸ್‌ಗಿಂತ ಮೇಲಿನದು ಬಾಗಿಲಿನ ಸ್ಪೀಕರಿಗೆ, ಕೆಳಗಿನದು ವೂಫರಿಗೆ ಎಂದು ಹೊಂದಿಸಿದರು. ಖರ್ಚು ಹೀಗಿತ್ತು:

ಸಬ್‌ವೂಫರ್: 11,800 ರೂ.
ಅಪ್ಪಟ ತಾಮ್ರದ ವೈರು, ಫ್ಯೂಸ್: 2,900 ರೂ.
ಕಪ್ಲರ್: 700 ರೂ.
ಕೂಲಿ: 1,600 ರೂ.
ಒಟ್ಟು: 17,000 ರೂ.

ಹಳೆಯದನ್ನು 4,000ಕ್ಕೆ ಮಾರಿದೆ. ಅದರ ನಷ್ಟ 10,500. ಸುಟ್ಟ ಕಾರ್ಪೆಟ್, ವೈರಿಂಗ್ ಸರಿಪಡಿಸಲು 2,300. ಅಂದರೆ 17,000ದ ಕೆಲಸಕ್ಕೆ ನನ್ನ ಕೈಬಿಟ್ಟದ್ದು 29,800. ಮೊದಲೇ ವೈರಿಗೂ ಫ್ಯೂಸಿಗೂ 2,900 ಕೊಡಲು ಮನಸ್ಸು ಮಾಡಿದ್ದರೆ ಆ ರಾತ್ರಿಯಾದರೂ ತಪ್ಪುತ್ತಿತ್ತು.

ಕೊಂಡ ಮೇಲಿನ ಲೆಕ್ಕ

ವಿಮೆಯನ್ನು ಮರೆಯಬೇಡಿ. ಪಾಲಿಸಿಯಲ್ಲಿರುವ ಐಡಿವಿ (ವಿಮೆಗೆ ಘೋಷಿಸಿದ ಮೌಲ್ಯ) ಕಂಪನಿಯಿಂದ ಬಂದ ಕಾರಿನ ಮೌಲ್ಯ ಮಾತ್ರ. ನಾವು ಆಮೇಲೆ ಸೇರಿಸಿದ್ದು ಕಳವಾದರೆ, ಸುಟ್ಟರೆ ಪರಿಹಾರವಿಲ್ಲ. ವಿದ್ಯುತ್ ಉಪಕರಣ ಎಂದು ಪ್ರತ್ಯೇಕವಾಗಿ ಬರೆಸಬೇಕು. ಇದರ ಪ್ರೀಮಿಯಂ ಸಾಮಾನ್ಯವಾಗಿ ಅದರ ಮೌಲ್ಯದ ಶೇ 4. ನನ್ನದಕ್ಕೆ ಮೊದಲ ವರ್ಷ 472 ರೂಪಾಯಿ, ಮೇಲೆ ಜಿಎಸ್‌ಟಿ. ಬರೆಸಲು ಬಿಲ್ ಬೇಕು, ಆದ್ದರಿಂದ ಬಿಲ್ ಇಲ್ಲದ ಮಾಲು ಅಗ್ಗವಲ್ಲ.

ಕಾರು ಮಾರುವಾಗ ಇದಕ್ಕೆ ಯಾರೂ ಹೆಚ್ಚು ಬೆಲೆ ಕಟ್ಟುವುದಿಲ್ಲ. ಇದನ್ನು ಹೂಡಿಕೆ ಎನ್ನದೆ ಖರ್ಚು ಎಂದೇ ಬರೆದುಕೊಳ್ಳಿ. ವರ್ಷಕ್ಕೆ 250 ದಿನದಂತೆ ಐದು ವರ್ಷ ಓಡಾಡಿದರೆ ಆ 17,000 ದಿನಕ್ಕೆ 13 ರೂಪಾಯಿ 60 ಪೈಸೆ ಬೀಳುತ್ತದೆ. ದಿನವೂ ಒಂದು ಗಂಟೆಗೂ ಮೀರಿ ದಾರಿಯಲ್ಲಿ ಕಳೆಯುವ ನನಗೆ ಅದು ಒಪ್ಪುತ್ತದೆ. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಒಪ್ಪಲಾರದು. ಕಂತಿನಲ್ಲಂತೂ ಕೊಳ್ಳಬೇಡಿ. ಇಂಥ ಸುಖಕ್ಕೆ ತಿಂಗಳಿಗೆ 1,500 ಎತ್ತಿಟ್ಟರೆ ಒಂದು ವರ್ಷದಲ್ಲಿ 18,000. ಅಷ್ಟು ದಿನ ಕಾದ ಮೇಲೂ ಬೇಕೆನಿಸಿದರೆ ಅದು ನಿಜವಾದ ಆಸೆ.

ಹೋದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ರುದ್ರಪಟ್ಟಣಕ್ಕೆ ಹೊರಟೆ. ಮೃದಂಗದ ತನಿ ಆವರ್ತನ ಶುರುವಾಯಿತು. ಅವರ ಎಡಗೈ ತೊಡೆಯ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ, “ಇದಕ್ಕೆ ಎಷ್ಟು ಕೊಟ್ಟೆಯಪ್ಪಾ?” ಎಂದರು. 17,000 ಎನ್ನಬಹುದಿತ್ತು. “29,800 ಆಯಿತಪ್ಪ” ಎಂದು ಪೂರ್ತಿ ಹೇಳಿದೆ. ಅಪ್ಪ ಸುಮ್ಮನಿದ್ದರು. ಮತ್ತೊಂದು ಗುಮ್ಕಿ ಬಂದು ಹೋಯಿತು.

“ಕೇಳಿಸ್ತಾ ಇದೆ ಬಿಡು” ಎಂದರು.